ತಾತನ ಕಂಬಳಿಯಿಂದ ಮೊಮ್ಮಗನ ಬರ್ಮುಡಾವರೆಗೆ



ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ 25 ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಹೊರತರುತ್ತಿರುವ ಸ್ಮರಣ ಸಂಚಿಕೆಗೆ ನಿರ್ದೇಶಕರೆಲ್ಲರೂ ಒಂದೊಂದು ಲೇಖನ ಕೊಡಬೇಕೆಂದು ಸಮಿತಿಯವರು ಅಪ್ಪಣೆ ಮಾಡಿದರು. ಸಂಘ ಬೆಳೆದು ಬಂದ ದಾರಿಯನ್ನು ಅಧ್ಯಕ್ಷರು ಬರೆಯುತ್ತಾರೆ. ಲೆಕ್ಕಪತ್ರದ ವಿಚಾರ ಕಾರ್ಯದರ್ಶಿಗಳದು. ಹಸುವಿನ ಕಾಯಿಲೆ ಕಸಾಲೆ ಡಾಕ್ಟರಿಗೆ ಬಿಟ್ಟದ್ದು. ಎಸ್.ಎಸ್.ಎಲ್.ಸಿ. ಓದಿ ನೇಗಿಲು ಹಿಡಿದ ನಮ್ಮಂಥವರು ಏನು ಬರೆಯುವುದು ಎಂದು ಯೋಚಿಸುತ್ತಿದ್ದಾಗ, ಅರಳಿಕಟ್ಟೆಯ ಮೇಲೆ ದಿನಾ ಕೇಳುವ ಒಂದು ಮಾತು ನೆನಪಾಯಿತು. "ಹಿಂದಿನೋರು ಎಷ್ಟು ಮರ್ವಾದೆಯಾಗಿ ಬಟ್ಟೆ ಉಡ್ತಿದ್ರು, ಈಗಿನ ಐಕಳು ನೋಡಿ!" ಈ ಮಾತು ನಿಜವೇ ಎಂದು ಸ್ವಲ್ಪ ಕೆದಕಿ ನೋಡುವುದು ಈ ಲೇಖನದ ಉದ್ದೇಶ.

ಹಿಂದಿನವರು ಮರ್ಯಾದೆಯಾಗಿ ಉಡುತ್ತಿದ್ದರು ಎನ್ನುವುದಕ್ಕೆ ನಾವು ತೋರಿಸುವ ಸಾಕ್ಷಿ ಯಾವುದು? ಬಹುತೇಕ ಮನೆಗಳಲ್ಲಿ ಅದು ನಡುಮನೆಯ ಗೋಡೆಯ ಮೇಲಿನ ಫೋಟೋ. ತಾತ ಕುರ್ಚಿಯ ಮೇಲೆ ಕುಳಿತಿದ್ದಾರೆ. ಜರಿ ರುಮಾಲು, ಕರಿ ಕೋಟು, ಬಿಳಿ ಪಂಚೆ, ಕೈಯಲ್ಲಿ ಕೊಡೆ. ಪಕ್ಕದಲ್ಲಿ ಅಜ್ಜಿ ರೇಷ್ಮೆ ಸೀರೆ ಉಟ್ಟು ಬೆದರಿದ ಹಾಗೆ ನಿಂತಿದ್ದಾರೆ. ನೋಡಿದವರಿಗೆ ಆಹಾ ಅನ್ನಿಸುತ್ತದೆ. ಆದರೆ ಆ ಕಾಲದಲ್ಲಿ ಒಬ್ಬ ರೈತ ಬದುಕಿನಲ್ಲಿ ಒಂದು ಸಲವೋ ಎರಡು ಸಲವೋ ಫೋಟೋ ತೆಗೆಸಿದರೆ ಅದೇ ಹೆಚ್ಚು. ಅದೂ ಮದುವೆಯಲ್ಲಿ, ಇಲ್ಲವೇ ಪಟ್ಟಣದ ಸ್ಟುಡಿಯೋದಲ್ಲಿ. ಸ್ಟುಡಿಯೋದವರೇ ಗಿರಾಕಿಗೆ ಕೋಟು ಕೊಟ್ಟು ಫೋಟೋ ಹಿಡಿಯುತ್ತಿದ್ದುದೂ ಉಂಟು. ಉತ್ತು ಬಿತ್ತುವ ದಿನ ತಾತ ಹೇಗಿದ್ದರು ಎಂಬುದಕ್ಕೆ ಫೋಟೋ ಇಲ್ಲ. ಮೊಮ್ಮಗನದ್ದಾದರೋ ಹಲ್ಲುಜ್ಜುವ ಹೊತ್ತಿನದೂ ಮೊಬೈಲಿನಲ್ಲಿ ಇರುತ್ತದೆ. ತಾತನ ಹಬ್ಬದ ಬಟ್ಟೆಯನ್ನು ಮೊಮ್ಮಗನ ಕೊಟ್ಟಿಗೆಯ ಬಟ್ಟೆಗೆ ಹೋಲಿಸಿ ತೀರ್ಪು ಕೊಡುವುದು ನ್ಯಾಯವಲ್ಲ ಎಂಬುದು ನಮ್ಮ ಅನಿಸಿಕೆ.

ಹಾಗಾದರೆ ದಿನದ ಬಟ್ಟೆ ಏನಿತ್ತು? ನಮ್ಮ ಮನೆಯ ಹಿರಿಯರು, ಊರಿನ ಎಂಬತ್ತು ದಾಟಿದವರು ಹೇಳಿದ್ದನ್ನು ಸೇರಿಸಿ ಬರೆಯುತ್ತಿದ್ದೇವೆ. ಗಂಡಸರಿಗೆ ಲಂಗೋಟಿ ಅಥವಾ ಮೊಣಕಾಲು ಮುಚ್ಚದ ತುಂಡು ಪಂಚೆ, ತಲೆಗೆ ಸುತ್ತಿದ ಒಂದು ವಸ್ತ್ರ, ಹೆಗಲ ಮೇಲೆ ಕಂಬಳಿ. ಮೈಗೆ ಅಂಗಿ ಇಲ್ಲ. ಕಂಬಳಿ ಎಂದರೆ ಸಾಮಾನ್ಯ ವಸ್ತುವಲ್ಲ. ಮಳೆ ಬಂದರೆ ಕೊಪ್ಪೆ, ಚಳಿಗೆ ಹೊದಿಕೆ, ನೆಂಟರು ಬಂದರೆ ಹಾಸಿಗೆ, ಪಂಚಾಯ್ತಿಗೆ ಕೂರುವ ಗದ್ದುಗೆ, ದೇವರ ಕಾರ್ಯದಲ್ಲಿ ಪೂಜೆಗೂ ಅದೇ. ಅಂಗಿ ಇದ್ದವರಿಗೆ ಒಂದೇ ಅಂಗಿ. ಅದು ಗೂಟಕ್ಕೆ ನೇತಾಡುತ್ತಿತ್ತು, ಸಂತೆಗೋ ಕೋರ್ಟಿಗೋ ಹೋಗುವಾಗ ಮಾತ್ರ ಮೈಮೇಲೆ ಬರುತ್ತಿತ್ತು. ನೆಂಟರ ಮನೆಗೆ ಹೋಗಲು ಪಕ್ಕದ ಮನೆಯಿಂದ ಅಂಗಿ ಸಾಲ ಕೇಳುವುದು ಅವಮಾನವೇನೂ ಆಗಿರಲಿಲ್ಲವಂತೆ. ಗಂಡು ಮಕ್ಕಳು ಐದಾರು ವರ್ಷದವರೆಗೆ ಉಡಿದಾರ ಒಂದರಲ್ಲೇ ಊರು ಸುತ್ತುತ್ತಿದ್ದರು.

ಹೆಂಗಸರಿಗೆ ಹದಿನಾರು ಮೊಳದ ಒರಟು ಸೀರೆ, ವರ್ಷಕ್ಕೆ ಎರಡು ಸಿಕ್ಕರೆ ಪುಣ್ಯ. ಒಂದನ್ನು ಒಗೆದು ಅರ್ಧ ಉಟ್ಟು ಇನ್ನರ್ಧ ಬಿಸಿಲಿಗೆ ಹಿಡಿದು ಒಣಗಿಸಿಕೊಂಡವರ ಕಥೆಯನ್ನು ನಮ್ಮ ಅಜ್ಜಿಯೇ ಹೇಳುತ್ತಿದ್ದರು. ಆ ತಲೆಮಾರಿನ ಎಷ್ಟೋ ಮುದುಕಿಯರು ಸಾಯುವ ತನಕ ಕುಪ್ಪಸ ತೊಡಲಿಲ್ಲ, ಸೆರಗೇ ಅವರ ಕುಪ್ಪಸ. ಅದನ್ನು ಆ ಕಾಲದಲ್ಲಿ ಯಾರೂ ನಾಚಿಕೆಗೇಡು ಎನ್ನಲಿಲ್ಲ. ಇವತ್ತು ಹಾಗೆ ಯಾರಾದರೂ ಡೈರಿಗೆ ಬಂದರೆ ಏನಾಗಬಹುದು ಯೋಚಿಸಿ! ಮಾನ ಎನ್ನುವುದು ಬಟ್ಟೆಯ ಉದ್ದದಲ್ಲಿ ಇರುವುದಕ್ಕಿಂತ ನೋಡುವವರ ರೂಢಿಯಲ್ಲಿ ಇರುತ್ತದೆ ಎನ್ನಲು ನಮ್ಮ ಅಜ್ಜಿಯರೇ ಸಾಕ್ಷಿ.

ಇನ್ನು ಶುಭ್ರತೆಯ ಮಾತು. ಮಡಿವಾಳರು ಚೌಳು ಮಣ್ಣು ಹಾಕಿ, ಉಬ್ಬೆ ಕಟ್ಟಿ ಬೇಯಿಸಿ ಒಗೆದ ಬಟ್ಟೆ ಬೆಳ್ಳಗಿರುತ್ತಿತ್ತು, ನಿಜ. ಅವರಿಗೆ ಸುಗ್ಗಿಯಲ್ಲಿ ಕಣದಲ್ಲೇ ಆಯ ಕೊಡುತ್ತಿದ್ದರು. ಆದರೆ ಎಲ್ಲರ ಮನೆ ಬಟ್ಟೆಯೂ ಅವರ ಕಲ್ಲಿಗೆ ಹೋಗುತ್ತಿರಲಿಲ್ಲ. ಯಾರದು ಒಗೆಯಬೇಕು, ಯಾರದು ಒಗೆಯಬಾರದು ಎಂದು ಊರು ಮೊದಲೇ ತೀರ್ಮಾನಿಸಿತ್ತು. ಆ ವಿಚಾರಕ್ಕೆ ಮುಂದೆ ಬರುತ್ತೇವೆ.

ನಮ್ಮ ಮಂಡ್ಯ ಸೀಮೆಯಲ್ಲಿ ಬಟ್ಟೆ ಬದಲಾದದ್ದಕ್ಕೆ ಮೊದಲ ಕಾರಣ ನೀರು ಎಂದರೆ ಅತಿಶಯೋಕ್ತಿಯಾಗಲಾರದು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಯಿತು. 1930ರ ದಶಕದಲ್ಲಿ ನಾಲೆ ನೀರು ಹರಿಯಿತು, 1933ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ ಬಂತು. ರಾಗಿ ಬೆಳೆಯುತ್ತಿದ್ದ ಕೈಗೆ ಕಬ್ಬಿನ ರೊಕ್ಕ ಬಂದದ್ದೇ ತಡ, ಮೈಗೆ ಅಂಗಿ ಬಂತು. ಬೆಂಗಳೂರಿನ ಬಿನ್ನಿ ಮಿಲ್ಲು, ಮೈಸೂರಿನ ಕೃಷ್ಣರಾಜೇಂದ್ರ ಮಿಲ್ಲುಗಳ ಬಟ್ಟೆ ಹಳ್ಳಿಯ ಸಂತೆಗೆ ಬರತೊಡಗಿತು. ಕಟ್ಟೆ ಕಟ್ಟಿಸಿದ ವಿಶ್ವೇಶ್ವರಯ್ಯನವರು ಯಾವಾಗಲೂ ಮೈಸೂರು ಪೇಟ, ಕೋಟು, ಟೈ ಧರಿಸಿ ಶಿಸ್ತಾಗಿ ಇರುತ್ತಿದ್ದರು ಎಂಬುದನ್ನು ಎಲ್ಲರೂ ಬಲ್ಲರು. ನಮ್ಮ ಕಡೆ ಮದುವೆ ಗಂಡಿಗೆ ಪೇಟ ಸುತ್ತುವಾಗ ಈಗಲೂ ಅವರ ಹೆಸರು ಹೇಳುವವರು ಇದ್ದಾರೆ.

ಆಮೇಲೆ ಯುದ್ಧ ಬಂತು. ಮಿಲ್ಲಿನ ಬಟ್ಟೆ ದಂಡಿಗೆ ಹೋಯಿತು, ಬೆಲೆ ಏರಿತು, ಅಂಗಡಿಯಲ್ಲಿ ಬಟ್ಟೆ ಮಾಯವಾಯಿತು. 1943ರಲ್ಲಿ ಭಾರತ ಸರ್ಕಾರ ಹತ್ತಿ ಬಟ್ಟೆ, ನೂಲಿನ ಮೇಲೆ ನಿಯಂತ್ರಣದ ಆಜ್ಞೆ ಹೊರಡಿಸಿತು. ನಮ್ಮ ಹಿರಿಯರ ಬಾಯಲ್ಲಿ ಅದು 'ಕಂಟ್ರೋಲು'. ಕಂಟ್ರೋಲು ಬಟ್ಟೆಗೆ ಸಾಲಿನಲ್ಲಿ ನಿಂತದ್ದು, ಒಂದೇ ಥಾನಿನಿಂದ ಅಣ್ಣ ತಮ್ಮ ಎಲ್ಲರಿಗೂ ಅಂಗಿ ಹೊಲಿಸಿ ಬ್ಯಾಂಡ್ ಸೆಟ್ಟಿನವರ ಹಾಗೆ ಕಾಣಿಸಿಕೊಂಡದ್ದು, ಇವೆಲ್ಲ ಅವರು ನಗುತ್ತಾ ಹೇಳುವ ಮಾತು. ಅನುಭವಿಸುವಾಗ ನಗು ಬಂದಿರಲಾರದು.

ಇದೇ ಕಾಲದಲ್ಲಿ ಬಟ್ಟೆಗೆ ಇನ್ನೊಂದು ಅರ್ಥ ಬಂತು. 1921ರ ಸೆಪ್ಟೆಂಬರಿನಲ್ಲಿ ಗಾಂಧೀಜಿಯವರು ಮಧುರೆಯಲ್ಲಿ ಅಂಗಿ ಟೋಪಿ ಬಿಟ್ಟು ತುಂಡು ಪಂಚೆಗೆ ಇಳಿದರು. ಬಡವನಿಗೆ ಇಲ್ಲದ್ದು ನನಗೂ ಬೇಡ ಎಂಬ ಭಾವನೆಯಿಂದ. 1927ರಲ್ಲಿ ಅವರು ನಂಜನಗೂಡಿನ ಬಳಿಯ ಬದನವಾಳಿನ ನೂಲುವ ಕೇಂದ್ರಕ್ಕೂ ಬಂದಿದ್ದರು. 1938ರ ಏಪ್ರಿಲ್‌ನಲ್ಲಿ ನಮ್ಮ ಮದ್ದೂರಿನ ಶಿವಪುರದಲ್ಲಿ ಟಿ. ಸಿದ್ದಲಿಂಗಯ್ಯನವರ ಮುಂದಾಳತ್ವದಲ್ಲಿ ಧ್ವಜ ಸತ್ಯಾಗ್ರಹ ನಡೆದಾಗ ಖಾದಿ ಟೋಪಿ ಹಾಕುವುದೆಂದರೆ ಜೈಲಿಗೆ ಸಿದ್ಧ ಎಂದು ಸಾರಿದ ಹಾಗೆ. ಅಲ್ಲಿಯವರೆಗೆ ದೊಡ್ಡವರು ಸಣ್ಣವರು ಎಂದು ತೋರಿಸುತ್ತಿದ್ದ ಬಟ್ಟೆ, ಯಾವ ಪಕ್ಷ, ಯಾವ ನಂಬಿಕೆ ಎಂದು ತೋರಿಸತೊಡಗಿತು. ತುಂಡು ಪಂಚೆಯಲ್ಲಿ ಇದ್ದವರನ್ನು ದೇಶ ಮಹಾತ್ಮ ಎಂದಿತು. ಉಡುಪಿನ ಮಟ್ಟ ಕುಸಿಯಿತು ಎನ್ನುವವರು ಈ ಮಾತನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಈಗ ಮೇಲೆ ಬಿಟ್ಟ ವಿಚಾರ. 'ಹಿಂದಿನ ಮರ್ಯಾದೆ' ಎನ್ನುವಾಗ ಅದು ಯಾರಿಗೆ ಮರ್ಯಾದೆಯಾಗಿತ್ತು ಎಂದು ಕೇಳಲೇಬೇಕಾಗುತ್ತದೆ. ಪರಿಶಿಷ್ಟರ ಕೇರಿಯ ಹಿರಿಯರೊಬ್ಬರು, ನಮ್ಮ ಸಂಘದ ಹಳೆಯ ಸದಸ್ಯರು, ಒಂದು ಸಂಜೆ ಹಾಲು ಹಾಕಿ ಕುಳಿತಾಗ ಹೇಳಿದರು: "ಗೌಡ್ರು ಎದುರಿಗೆ ಬಂದ್ರೆ ಹೆಗಲ ಮ್ಯಾಲಿನ ಟವಲ್ಲು ಕಂಕುಳಿಗೆ ಇಳೀಬೇಕು ಕಣಪ್ಪ. ಮೆಟ್ಟು ಕೈಗೆ ಬರಬೇಕು. ಪಂಚೆ ಮಂಡಿಯಿಂದ ಕೆಳಕ್ಕೆ ಬುಟ್ರೆ ಏನ್ಲಾ ಮದುವಣಗಿತ್ತಿ ಆಗ್ಬುಟ್ಟಾ ಅಂತ ಕೇಳೋರು. ಈಗ ನನ್ನ ಮೊಮ್ಮಗ ಶೂ ಹಾಕ್ಕಂಡು ಊರೊಳಗೆ ಬೈಕಲ್ಲಿ ಬರ್ತಾನೆ. ನಿಮಗೆ ಅದು ಕೆಟ್ಟೋಗದೆ ಅನ್ನಿಸ್ಬೋದು. ನನಗೆ ಹಂಗನ್ನಿಸಕಿಲ್ಲ." ಈ ಮಾತಿಗೆ ಅಲ್ಲಿ ಕುಳಿತಿದ್ದ ನಾವ್ಯಾರೂ ಉತ್ತರ ಕೊಡಲಿಲ್ಲ. ಕೊಡುವುದೇನೂ ಇರಲಿಲ್ಲ.

ಡಾ. ಅಂಬೇಡ್ಕರರು 1927ರ ಡಿಸೆಂಬರಿನಲ್ಲಿ ಮಹಾರಾಷ್ಟ್ರದ ಮಹಾಡ್‌ನಲ್ಲಿ ಹೆಣ್ಣುಮಕ್ಕಳಿಗೆ ಹೇಳಿದ ಮುಖ್ಯ ಮಾತುಗಳಲ್ಲಿ ಬಟ್ಟೆಯದೂ ಒಂದು. ಜಾತಿಯ ಗುರುತಾಗಿದ್ದ ಮೊಣಕಾಲುದ್ದದ ಸೀರೆ ಬಿಟ್ಟು, ಬೇರೆಯವರ ಹಾಗೆ ಪಾದದವರೆಗೆ ಸೀರೆ ಉಡಿ, ಶುಚಿಯಾಗಿರಿ ಎಂದು ಕರೆ ಕೊಟ್ಟರು. ಹೆಂಗಸರು ಕೂಡಲೇ ಉಡುವ ರೀತಿ ಬದಲಿಸಿದರು. ಅವರು ತಾವು ಸೂಟು ಬೂಟಿನಲ್ಲೇ ಇರುತ್ತಿದ್ದುದಕ್ಕೂ ಇಂಥದೇ ಅರ್ಥ ಉಂಟು. ಗಾಂಧೀಜಿ ಬಟ್ಟೆ ಬಿಟ್ಟರು, ಅಂಬೇಡ್ಕರರು ಬಟ್ಟೆ ತೊಟ್ಟರು. ಇಬ್ಬರದೂ ಸರಿಯೇ ಎಂದು ನಮಗೆ ತೋರುತ್ತದೆ. ಇದ್ದವರು ಬಿಡುವುದಕ್ಕೂ ಇಲ್ಲದವರು ತೊಡುವುದಕ್ಕೂ ವ್ಯತ್ಯಾಸವಿದೆ.

ಇನ್ನು ನಮ್ಮ ತಲೆಮಾರು. ನಾವು ಹುಟ್ಟುವ ಹೊತ್ತಿಗೆ ಟೆರಿಲಿನ್, ಟೆರಿಕಾಟ್‌ಗಳ ಕಾಲ ಬಂದಾಗಿತ್ತು. ಟೆರಿಲಿನ್ ದಾರವನ್ನು ಇಂಗ್ಲೆಂಡಿನಲ್ಲಿ ಕಂಡುಹಿಡಿದದ್ದು 1941ರಲ್ಲಿ. ನಮ್ಮ ಹಳ್ಳಿಗಳಿಗೆ ಇಳಿಯಲು ಮೂವತ್ತು ವರ್ಷ ಬೇಕಾಯಿತು. ಬಂದ ಮೇಲೆ ಹತ್ತಿಯನ್ನು ಓಡಿಸಿಬಿಟ್ಟಿತು. ಇಸ್ತ್ರಿ ಬೇಡ, ಬೇಗ ಒಣಗುತ್ತದೆ, ಹರಿಯುವುದಿಲ್ಲ, ಬಣ್ಣ ಹೋಗುವುದಿಲ್ಲ. ಬಡವನಿಗೆ ಇನ್ನೇನು ಬೇಕು? ಆದರೆ ಬೆವರು ಹೀರುವುದಿಲ್ಲ. ಆಲೆಮನೆಯಲ್ಲಿ ಕೆಲಸ ಮಾಡಿದವರಿಗೆ ಗೊತ್ತು, ಹತ್ತಿ ಬಟ್ಟೆಗೆ ಕಿಡಿ ಬಿದ್ದರೆ ತೂತಾಗುತ್ತದೆ, ಟೆರಿಲಿನ್‌ಗೆ ಬಿದ್ದರೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಆದರೂ ಆಗ ಟೆರಿಕಾಟ್ ಪ್ಯಾಂಟು ಹಾಕಿದವನೇ ಧಣಿ. ಹೊಳೆಯದ ಬಟ್ಟೆ ಬಡತನದ ಬಟ್ಟೆ ಎಂಬ ನಂಬಿಕೆ ಇತ್ತು.

ಆ ದಿನಗಳಲ್ಲಿ ಸೊಸೈಟಿ ಎಂದರೆ ಬಟ್ಟೆಯೂ ಹೌದು. ಕೈಮಗ್ಗದ ನೇಕಾರರಿಗೆ ಕೆಲಸ, ಬಡವರಿಗೆ ಅಗ್ಗದ ಬಟ್ಟೆ ಎಂದು ಸರ್ಕಾರ ತಂದ ಜನತಾ ಸೀರೆ, ಜನತಾ ಪಂಚೆ 1980ರ ದಶಕದಲ್ಲಿ ಮನೆ ಮನೆಗೆ ಬಂದವು. ಎಲ್ಲರ ಸೀರೆಯ ಅಂಚೂ ಒಂದೇ. ನಾಟಿ ಗದ್ದೆಯಲ್ಲಿ ಹೆಂಗಸರು ಸಾಲಾಗಿ ಬಗ್ಗಿದ್ದರೆ ಹಿಂದಿನಿಂದ ನಮ್ಮ ಅವ್ವ ಯಾರು, ಪಕ್ಕದ ಮನೆ ದೊಡ್ಡವ್ವ ಯಾರು ಗೊತ್ತಾಗುತ್ತಿರಲಿಲ್ಲ. ಜನತಾ ಸೀರೆ ಉಟ್ಟವರನ್ನು ಹಂಗಿಸುವವರೂ ಇದ್ದರು. ಆದರೆ ಸೆರಗು ಹರಿಯದ ಸೀರೆಯನ್ನು ವರ್ಷವಿಡೀ ಉಟ್ಟದ್ದು ಎಷ್ಟೋ ಮನೆಗಳಲ್ಲಿ ಅದೇ ಮೊದಲು.

ಮಕ್ಕಳಿಗೆ ಯುಗಾದಿಗೊಂದು ಜೊತೆ, ಶಾಲೆಗೊಂದು ಜೊತೆ. ಟೈಲರ್ ಹತ್ತಿರ ಅಳತೆ ಕೊಡುವಾಗ ಅಪ್ಪ ನಿಂತು "ಬೆಳೆಯೋ ಹುಡುಗ, ಎರಡು ಇಂಚು ಬುಟ್ಟು ಹೊಲಿಯಪ್ಪ" ಎನ್ನುತ್ತಿದ್ದರು. ಮೊದಲ ವರ್ಷ ನಿಕ್ಕರು ಪ್ಯಾಂಟಿನ ಹಾಗಿರುತ್ತಿತ್ತು, ಮೂರನೇ ವರ್ಷಕ್ಕೆ ಸರಿಯಾಗುತ್ತಿತ್ತು, ಅಷ್ಟರಲ್ಲಿ ಹಿಂಭಾಗದಲ್ಲಿ ಎರಡು ತೇಪೆ. ಶಾಲೆಯ ಸಾಲಿನಲ್ಲಿ ಹಿಂದೆ ನಿಂತು ನೋಡಿದರೆ ಎಲ್ಲರ ನಿಕ್ಕರಿನಲ್ಲೂ ಕನ್ನಡಕ. ಈಗಿನ ಮಕ್ಕಳು ಮೊಣಕಾಲಿನ ಹತ್ತಿರ ಹರಿದಿರುವ ಪ್ಯಾಂಟನ್ನು ದುಡ್ಡು ಕೊಟ್ಟು ತರುತ್ತಾರೆ. ಇದನ್ನು ನೋಡಿ ನಮ್ಮ ಅವ್ವ, "ಅದ್ಯಾಕ್ಲಾ ಮಗ, ಹೊಲ್ದು ಕೊಡ್ತೀನಿ ಬುಡು" ಎಂದು ಸೂಜಿ ದಾರ ತಂದದ್ದು ನಮ್ಮ ಮನೆಯಲ್ಲೇ ನಡೆದದ್ದು.

ಅಂದಹಾಗೆ ಈ ಜೀನ್ಸ್ ಪ್ಯಾಂಟಿನ ಮೂಲ ಕೇಳಿದರೆ ಹಿರಿಯರಿಗೆ ಆಶ್ಚರ್ಯವಾಗಬಹುದು. ಕೂಲಿಕಾರರ ಪ್ಯಾಂಟಿನ ಜೇಬು ಹರಿಯದಿರಲೆಂದು ಅಮೆರಿಕದ ಜೇಕಬ್ ಡೇವಿಸ್ ಎಂಬ ಟೈಲರು ತಾಮ್ರದ ರಿವೆಟ್ಟು ಹೊಡೆದ. ಬಟ್ಟೆ ವ್ಯಾಪಾರಿ ಲೀವೈ ಸ್ಟ್ರಾಸ್ ಜೊತೆ ಸೇರಿ 1873ರಲ್ಲಿ ಅದಕ್ಕೆ ಹಕ್ಕು ಪಡೆದ. ಗಣಿಯಲ್ಲಿ, ಹೊಲದಲ್ಲಿ ದುಡಿಯುವವನ ಬಟ್ಟೆ ಅದು. ನಮ್ಮಲ್ಲಿ ತಮಾಷೆ ಏನೆಂದರೆ, ದುಡಿಯುವವನು ಲುಂಗಿಯಲ್ಲಿ ಗದ್ದೆಗೆ ಇಳಿಯುತ್ತಾನೆ, ಕೂಲಿಕಾರನ ಪ್ಯಾಂಟನ್ನು ಬೀಗರೂಟಕ್ಕೆ ಹಾಕಿಕೊಂಡು ಹೋಗುತ್ತಾನೆ. ಈಗ ಅದು ಅಮೆರಿಕದಿಂದ ಬರಬೇಕಾಗಿಯೂ ಇಲ್ಲ, ನಮ್ಮ ಬಳ್ಳಾರಿಯಲ್ಲೇ ಹೊಲಿಯುತ್ತಾರೆ.

ಈಗ ಸಂಘಕ್ಕೆ ಸಂಬಂಧಪಟ್ಟ ವಿಷಯ. ಕಳೆದ ಮಹಾಸಭೆಯಲ್ಲಿ ಹಾಜರಿದ್ದವರಿಗೆ ನೆನಪಿರಬಹುದು. ಹೆಂಗಸರು ನೈಟಿಯಲ್ಲೂ ಹುಡುಗರು ಬರ್ಮುಡಾ ಚಡ್ಡಿಯಲ್ಲೂ ಡೈರಿಗೆ ಬರುವುದು ಹೆಚ್ಚಾಗಿದೆ, ಹಾಗೆ ಬಂದವರ ಹಾಲು ತೆಗೆದುಕೊಳ್ಳಬಾರದು, ಒಂದು ಬೋರ್ಡು ಬರೆಸಿ ಹಾಕಬೇಕು ಎಂದು ಹಿರಿಯ ಸದಸ್ಯರೊಬ್ಬರು ಪ್ರಸ್ತಾಪ ಮಾಡಿದರು. ಸಾಕಷ್ಟು ಕೈಗಳು ಮೇಲೆದ್ದವು. ಎದ್ದವೆಲ್ಲ ಗಂಡಸರ ಕೈಗಳೇ. ಆಗ ಹಿಂದಿನ ಸಾಲಿನಿಂದ ಒಬ್ಬ ತಾಯಿ ಎದ್ದು ನಿಂತು, "ಏನ್ರಪ್ಪಾ, ನಾಕೂವರೆಗೆ ಎದ್ದು ಸಗಣಿ ಬಾಚಿ, ಹುಲ್ಲು ಹಾಕಿ, ಹಾಲು ಕರ್ಕಂಡು ಬರೋಳು ನಿಮಗೆ ರೇಸ್ಮೆ ಸೀರೆ ಉಟ್ಕಂಡು ಬರಬೇಕಾ? ನೈಟಿ ಮ್ಯಾಲೆ ಟವಲ್ಲು ಹೊದ್ಕಂಡೇ ಬತ್ತೀವಿ. ಬರೀ ಮೈಯಲ್ಲಿ ಬರೋ ಗಂಡಸ್ರಿಗೆ ಯಾವ ಬೋರ್ಡು? ನೀವು ಡಿಗ್ರಿ ನೋಡಬೇಕಾದ್ದು ಹಾಲಿಂದು, ನಮ್ಮ ಬಟ್ಟೇದಲ್ಲ" ಎಂದರು. ಸಭೆಯಲ್ಲಿ ಗದ್ದಲವಾಯಿತು. ವಿಷಯವನ್ನು ಆಡಳಿತ ಮಂಡಳಿಗೆ ಬಿಡಲಾಯಿತು.

ಮಂಡಳಿಯಲ್ಲಿ ನಾವು ಬೋರ್ಡು ಬೇಡ ಎಂದೆವು. ಕಾರಣವನ್ನು ಇಲ್ಲಿಯೂ ಹೇಳಬೇಕಾದದ್ದು ನಮ್ಮ ಕರ್ತವ್ಯ. ಆಂಧ್ರದ ಪಶ್ಚಿಮ ಗೋದಾವರಿ ಜಿಲ್ಲೆಯ ತೊಕಲಪಲ್ಲಿ ಎಂಬ ಹಳ್ಳಿಯಲ್ಲಿ 2018ರಲ್ಲಿ ಹಗಲು ಹೊತ್ತು ನೈಟಿ ಹಾಕಿದವರಿಗೆ 2,000 ರೂಪಾಯಿ ದಂಡ, ಹಿಡಿದುಕೊಟ್ಟವರಿಗೆ 1,000 ರೂಪಾಯಿ ಇನಾಮು ಎಂದು ಹಿರಿಯರು ಕಟ್ಟಳೆ ಮಾಡಿದರು. ಊರಿನ ಹೆಸರು ದೇಶದ ಪತ್ರಿಕೆಗಳಲ್ಲೆಲ್ಲ ಬಂತು, ಅಧಿಕಾರಿಗಳು ವಿಚಾರಣೆಗೆ ಬಂದರು. ಅದು ದೂರದ ಮಾತಾಯಿತು. ನಮ್ಮ ಬೆಂಗಳೂರಿನಲ್ಲೇ 2024ರಲ್ಲಿ ಬಟ್ಟೆ ಕೊಳೆಯಾಗಿದೆ ಎಂದು ಒಬ್ಬ ರೈತನನ್ನು ಮೆಟ್ರೋ ಒಳಗೆ ಬಿಡಲಿಲ್ಲ. ಅದೇ ವರ್ಷ ಜುಲೈನಲ್ಲಿ ಪಂಚೆ ಉಟ್ಟಿದ್ದಾರೆ ಎಂದು ಇನ್ನೊಬ್ಬ ರೈತರನ್ನು ಒಂದು ಮಾಲಿನ ಬಾಗಿಲಲ್ಲಿ ತಡೆದರು. ವಿಧಾನಸಭೆಯಲ್ಲೇ ಚರ್ಚೆಯಾಯಿತು. ಆಗ ನಾವೆಲ್ಲ ಟಿ.ವಿ. ಮುಂದೆ ಕುಳಿತು ಹಲ್ಲು ಕಡಿದವರೇ. "ರೈತನ ಬಟ್ಟೆ ನೋಡ್ತಾರಾ ಇವರು!" ಎಂದವರೇ. ಹಾಗಿರುವಾಗ ನಮ್ಮದೇ ಡೈರಿಯ ಬಾಗಿಲಲ್ಲಿ, ನಮ್ಮದೇ ಸದಸ್ಯರ, ಅದೂ ಹಸು ಸಾಕುವ ಮುಕ್ಕಾಲು ಪಾಲು ಕೆಲಸ ಮಾಡುವ ಹೆಣ್ಣುಮಕ್ಕಳ ಬಟ್ಟೆ ಅಳೆಯಲು ನಾವು ಯಾರು? ಬೋರ್ಡು ಬರೆಸಲಿಲ್ಲ. ಅದಕ್ಕೆ ಎತ್ತಿಟ್ಟಿದ್ದ ಹಣದಲ್ಲಿ ಡೈರಿ ಮುಂದೆ ಒಂದು ನಲ್ಲಿ, ಒಂದು ದೊಡ್ಡ ಲೈಟು ಹಾಕಿಸಿದೆವು. ಕತ್ತಲಲ್ಲಿ ಬರುವವರಿಗೆ ಅನುಕೂಲವಾಗಿದೆ.

ನೈಟಿ ಎಂದರೆ ಮಲಗುವ ಬಟ್ಟೆ ಎನ್ನುವುದು ಪಟ್ಟಣದ ಅರ್ಥ. ನಮ್ಮ ಹೆಂಗಸರಿಗೆ ಅದು ದುಡಿಯುವ ಬಟ್ಟೆ. ಐದೂವರೆ ಮೀಟರ್ ಸೀರೆಯ ಸೆರಗು ಹುಲ್ಲು ಕತ್ತರಿಸುವ ಯಂತ್ರಕ್ಕೆ ಸಿಕ್ಕಿಕೊಳ್ಳುವ ಭಯವಿಲ್ಲ, ಹಸು ಕೆಳಗೆ ಕೂರಲು ಸುಲಭ. ಕಬ್ಬು ಕಡಿಯುವಾಗ ಗರಿ ಕುಯ್ಯದಿರಲೆಂದು ಗಂಡನ ಹಳೇ ತುಂಬುತೋಳಿನ ಅಂಗಿಯನ್ನು ಅದರ ಮೇಲೆ ಹಾಕುತ್ತಾರೆ. ಇದನ್ನು ಚೆಂದ ಎಂದು ನಾವು ಹೇಳುವುದಿಲ್ಲ. ಉಪಯೋಗ ಎಂದು ಹೇಳುತ್ತೇವೆ. ಅದೇ ಹೆಂಗಸರು ಮಾರಿಹಬ್ಬದ ದಿನ ತಂಬಿಟ್ಟಿನ ಆರತಿ ಹೊತ್ತು ಬರುವಾಗ ನೋಡಿ.

ಹಾಗೆಂದು ಏನೂ ಕೆಟ್ಟಿಲ್ಲ ಎನ್ನಲು ನಾವು ಸಿದ್ಧರಿಲ್ಲ. ಹೊತ್ತು ಗೊತ್ತು ಅರಿತು ಉಡುವುದು ಕಡಿಮೆಯಾಗಿದೆ. ಸಾವಿನ ಮನೆಗೆ, ಗ್ರಾಮಸಭೆಗೆ, ಶಾಲೆಯ ಧ್ವಜಾರೋಹಣಕ್ಕೆ ಚಡ್ಡಿಯಲ್ಲಿ ಬಂದು ನಿಲ್ಲುವ ಹುಡುಗರನ್ನು ಕಂಡರೆ ನಮಗೂ ಬೇಸರವಾಗುತ್ತದೆ. 'ಊಟ ತನ್ನಿಚ್ಛೆ, ನೋಟ ಪರರಿಚ್ಛೆ' ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಅಂಥವರನ್ನು ಪಕ್ಕಕ್ಕೆ ಕರೆದು ಹೇಳಿದರೆ ಕೇಳುತ್ತಾರೆ. ಬೋರ್ಡಿಗೆ ಹೆದರಿ ಕೇಳುವುದಿಲ್ಲ.

ಆದರೆ ನಮ್ಮ ದೃಷ್ಟಿಯಲ್ಲಿ ನಿಜವಾಗಿ ಕುಸಿದಿರುವುದು ಉಡುವವರಿಗಿಂತ ಬಟ್ಟೆ. ಶ್ರೀರಂಗಪಟ್ಟಣದ ಕಡೆಯ ಕೊಡಿಯಾಲ, ಇತ್ತ ಮೇಲುಕೋಟೆ, ಇವೆಲ್ಲ ಕೈಮಗ್ಗಕ್ಕೆ ಹೆಸರಾದ ಊರುಗಳು. ಮೇಲುಕೋಟೆಯಲ್ಲಿ 1960ರಲ್ಲಿ ಸುರೇಂದ್ರ ಕೌಲಗಿಯವರು ಕಟ್ಟಿದ ಜನಪದ ಸೇವಾ ಟ್ರಸ್ಟ್ ಖಾದಿಯ ಕೆಲಸ ಮಾಡಿಕೊಂಡು ಬಂದಿದೆ. ಸಾಗರದ ಹೆಗ್ಗೋಡಿನ ಹತ್ತಿರ ರಂಗಕರ್ಮಿ ಪ್ರಸನ್ನ ಅವರ ಮುತುವರ್ಜಿಯಿಂದ ಬೆಳೆದ 'ಚರಕ' ನಮ್ಮ ಹಾಗೇ ಒಂದು ಸಹಕಾರ ಸಂಘ, ಅಲ್ಲಿ ನೇಯುವವರು ಬಣ್ಣ ಹಾಕುವವರು ಹೆಣ್ಣುಮಕ್ಕಳು. ಹಾಲು ಕೊಳ್ಳುವವರಿಗೆ ನಮ್ಮ ನಂದಿನಿಯನ್ನೇ ಕೊಳ್ಳಿ ಎನ್ನುವ ನಾವು, ನಮ್ಮ ಪಕ್ಕದ ನೇಕಾರರ ಪಂಚೆಯನ್ನು ಎಷ್ಟು ಜನ ಕೊಂಡಿದ್ದೇವೆ? ಸಂತೆಯಲ್ಲಿ ರಾಶಿ ಹಾಕಿ ಮಾರುವ ಪಾಲಿಯೆಸ್ಟರ್ ಸೀರೆ ಅಗ್ಗ, ನಿಜ. ನಮ್ಮೂರಿನ ಹೆಣ್ಣುಮಕ್ಕಳೇ ಬೆಳಗ್ಗೆ ಬಸ್ಸು ಹತ್ತಿ ಗಾರ್ಮೆಂಟ್ಸಿಗೆ ಹೋಗಿ ಹೊರದೇಶದವರಿಗೆ ಒಳ್ಳೆಯ ಹತ್ತಿ ಶರ್ಟು ಹೊಲಿದು ಬರುತ್ತಾರೆ. ಸಂಜೆ ಮನೆಗೆ ಬಂದು ತಾವು ತೊಡುವುದು ರಾಶಿಯ ಬಟ್ಟೆಯನ್ನೇ.

ಹತ್ತಿ ಪಂಚೆಗೆ ಒಂದು ಆಯುಷ್ಯ ಇರುತ್ತಿತ್ತು. ಮೊದಲು ಹಬ್ಬಕ್ಕೆ, ಆಮೇಲೆ ದಿನದ ಉಡುಗೆಗೆ, ಮಾಸಿದ ಮೇಲೆ ಗದ್ದೆಗೆ, ಮೆತ್ತಗಾದ ಮೇಲೆ ಕೂಸಿನ ತೊಟ್ಟಿಲಿಗೆ, ಹರಿದ ಮೇಲೆ ಒಲೆಯ ಮಸಿಬಟ್ಟೆಗೆ, ಕೊನೆಗೆ ದೀಪದ ಬತ್ತಿಗೆ. ಹಳೇ ಸೀರೆಗಳನ್ನು ಪದರ ಪದರ ಸೇರಿಸಿ ಹೊಲಿದರೆ ಚಳಿಗಾಲಕ್ಕೆ ಹೊದಿಕೆ. ಪಾಲಿಯೆಸ್ಟರಿನಲ್ಲಿ ಬತ್ತಿಯೂ ಆಗುವುದಿಲ್ಲ, ಮಸಿಬಟ್ಟೆಯೂ ಆಗುವುದಿಲ್ಲ, ಗೊಬ್ಬರದ ಗುಂಡಿಯಲ್ಲಿ ಕೊಳೆಯುವುದೂ ಇಲ್ಲ. ಅದಕ್ಕೇ ಈಗ ಹಳೇ ಬಟ್ಟೆಯನ್ನು ಗಂಟು ಕಟ್ಟಿ ನಾಲೆಗೆ ಎಸೆಯುವುದು. ಹೋದ ಸಲ ನೀರು ಬಿಡುವ ಮುಂಚೆ ಕೊನೆ ಭಾಗದ ರೈತರೆಲ್ಲ ಸೇರಿ ತೂಬಿನ ಬಾಯಿ ಬಿಡಿಸಿದಾಗ ಸೀರೆ, ನೈಟಿ, ಪ್ಯಾಂಟು, ಸ್ಕೂಲ್ ಯೂನಿಫಾರಂ ಸೇರಿ ಎರಡು ಗಾಡಿ ಬಟ್ಟೆ ಸಿಕ್ಕಿತು. ಒಂದು ವಾರ ದಂಡೆಯ ಮೇಲೆ ಬಿಸಿಲಿನಲ್ಲಿ ಬಿದ್ದಿದ್ದರೂ ಬಣ್ಣ ಮಾತ್ರ ಹೋಗಿರಲಿಲ್ಲ. ಈ ಸಲ ನೀರು ಬಿಡುವ ಮುಂಚಿನ ಭಾನುವಾರ ಮತ್ತೆ ತೂಬು ಬಿಡಿಸುವ ಕೆಲಸವಿದೆ. ಸಂಘದ ಸದಸ್ಯರು ಮನೆಗೊಬ್ಬರಂತೆ ಗುದ್ದಲಿ, ಕುಡುಗೋಲು ಹಿಡಿದು ಬರಬೇಕೆಂದು ಕೋರುತ್ತೇವೆ. ಯಾವ ಬಟ್ಟೆಯಲ್ಲಾದರೂ ಬರಬಹುದು.